ಸಹ್ಯಾದ್ರಿ ಎಂಬ ಅಂಚು

ಆಗುಂಬೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಮಂಜು ಕವಿದ ಮಲೆಯ ನೆತ್ತಿ. ಬೆಂಗಳೂರು ಎಂದರೆ ಬಯಲಿನ ಪಟ್ಟಣ. ಆದರೆ ಅಳೆದು ನೋಡಿದವರ ಲೆಕ್ಕ ಬೇರೆಯೇ ಇದೆ. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಮೇಲಿದ್ದರೆ ಬೆಂಗಳೂರು 900 ಮೀಟರನ್ನೂ ದಾಟಿದೆ. ಘಟ್ಟದ ತುದಿ ಎಂದು ನಾವು ನಂಬಿಕೊಂಡಿರುವ ಊರು ರಾಜಧಾನಿಗಿಂತ ಇನ್ನೂರೈವತ್ತು ಮೀಟರಿನಷ್ಟು ತಗ್ಗಿನಲ್ಲಿದೆ! ಶಿರಾಡಿ ಘಾಟಿಯ ನೆತ್ತಿಯಲ್ಲಿರುವ ಸಕಲೇಶಪುರವನ್ನೂ ಅದರ ಪೂರ್ವಕ್ಕಿರುವ ಹಾಸನವನ್ನೂ ಹೋಲಿಸಿ ನೋಡಿ. ಒಂದು ಮಲೆನಾಡು, ಇನ್ನೊಂದು ಹೆಚ್ಚುಕಡಿಮೆ ಬಯಲುಸೀಮೆ. ಎರಡರ ಎತ್ತರವೂ 950 ಮೀಟರಿನ ಆಸುಪಾಸು. ಬೆಟ್ಟದ ಸಾಲೊಂದು ನಡುವೆ ನಿಂತಿದ್ದರೆ ಅದರ ಒಂದು ಮಗ್ಗುಲಿಂದ ಹತ್ತಿ ಇನ್ನೊಂದು ಮಗ್ಗುಲಿಗೆ ಇಳಿಯಬೇಕಿತ್ತಲ್ಲವೆ? ಇಲ್ಲಿ ಹತ್ತುವುದುಂಟು, ಇಳಿಯುವುದಿಲ್ಲ. ಇದೊಂದು ಸಂಗತಿಯಿಂದ ಹೊರಟು ಇವತ್ತು ಒಂದು ವಾದವನ್ನು ನಿಮ್ಮ ಮುಂದಿಡುತ್ತೇನೆ. ಪಶ್ಚಿಮಘಟ್ಟವನ್ನು, ಕರ್ನಾಟಕದ ಮಟ್ಟಿಗಾದರೂ, ಪರ್ವತಶ್ರೇಣಿ ಎಂದು ನೋಡುವುದನ್ನು ಬಿಟ್ಟು ದಖ್ಖನ್ ಪ್ರಸ್ಥಭೂಮಿಯ ಮುರಿದ ಅಂಚು ಎಂದು ನೋಡಬೇಕು. ಹಾಗೆ ನೋಡಿದಾಗಲೇ ಅದರ ಹೊಳೆ, ಮಳೆ, ಜಲಪಾತ, ಕುಸಿತ ಎಲ್ಲವೂ ಒಂದೇ ಕಥೆಯ ಭಾಗಗಳಾಗಿ ಕಾಣುತ್ತವೆ. ಅದನ್ನು ಕಾಪಾಡುವ ಬಗೆಯೂ ಬದಲಾಗುತ್ತದೆ.

ದಾರಿಗಳೇ ಮೊದಲ ಸಾಕ್ಷಿ. ಸಂಪಾಜೆ, ಶಿರಾಡಿ, ಚಾರ್ಮಾಡಿ, ಆಗುಂಬೆ, ಹುಲಿಕಲ್, ದೇವಿಮನೆ, ಅರಬೈಲು — ಕರಾವಳಿಯಿಂದ ಒಳನಾಡಿಗೆ ಹೋಗುವ ಈ ಘಾಟಿಗಳೆಲ್ಲವೂ ಪಶ್ಚಿಮಕ್ಕೆ ಮಾತ್ರ ಮುಖ ಮಾಡಿವೆ. ಹೆಬ್ರಿಯ ಕಡೆಯಿಂದ ಬಂದ ಬಸ್ಸು ಸೋಮೇಶ್ವರ ದಾಟಿ ಹದಿನಾಲ್ಕು ತಿರುವುಗಳಲ್ಲಿ ಏದುಸಿರು ಬಿಟ್ಟು ಆಗುಂಬೆ ಸೇರುತ್ತದೆ. ಅಲ್ಲಿಂದ ತೀರ್ಥಹಳ್ಳಿ, ಶಿವಮೊಗ್ಗದವರೆಗೆ ಏರಿಳಿತ ಉಂಟೇ ಹೊರತು ಇಳಿಯುವ ಘಾಟಿ ಎಂಬುದೊಂದಿಲ್ಲ. 1979ರಲ್ಲಿ ತೆರೆದ ಸಕಲೇಶಪುರ–ಸುಬ್ರಹ್ಮಣ್ಯ ರೈಲುಮಾರ್ಗ ಇದನ್ನೇ ಕಬ್ಬಿಣದಲ್ಲಿ ಬರೆದು ತೋರಿಸಿದೆ. ಸುಮಾರು ಐವತ್ತೈದು ಕಿಲೋಮೀಟರಿನೊಳಗೆ ಎಂಟುನೂರು ಮೀಟರಿನಷ್ಟು ಇಳಿಯಬೇಕಾದ್ದರಿಂದ ಅದಕ್ಕೆ 57 ಸುರಂಗಗಳು ಬೇಕಾದವು. ಸಕಲೇಶಪುರದಿಂದ ಹಾಸನಕ್ಕೆ ಒಂದೂ ಬೇಕಾಗಲಿಲ್ಲ. ಅಂಗಳದಲ್ಲಿ ನಿಂತವನಿಗೆ ಜಗಲಿಯ ಕಟ್ಟೆ ಗೋಡೆಯಂತೆ ಕಾಣುತ್ತದೆ, ಒಳಗಿಂದ ನಡೆದು ಬಂದವನಿಗೆ ಅದು ನೆಲ ಮುಗಿಯುವ ಜಾಗ ಅಷ್ಟೆ. ಕರಾವಳಿಯವರು ಮೂಡಣ ದಿಕ್ಕಿಗೆ ನೋಡಿ ಪರ್ವತವನ್ನು ಕಂಡರು. ಶಿವಮೊಗ್ಗದವರು ಪಡುವಣಕ್ಕೆ ಹೋಗುತ್ತ ಹೋಗುತ್ತ ನೆಲವೇ ತೀರಿಹೋದದ್ದನ್ನು ಕಂಡರು. ಭೂಪಟ ಬರೆದವರು ಕಡಲಿನ ಕಡೆಯಿಂದ ಬಂದವರಾದ್ದರಿಂದ ಅಂಗಳದ ನೋಟವೇ ಪಠ್ಯಪುಸ್ತಕಗಳಲ್ಲಿ ಉಳಿದುಕೊಂಡಿತು ಎಂದರೆ ತಪ್ಪಾಗಲಾರದು.

ಎರಡನೆಯ ಸಾಕ್ಷಿ ನದಿಗಳದು. ಕುದುರೆಮುಖದ ಬಳಿಯ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿಗಳು ಒಂದೇ ಬೆಟ್ಟದ ಮೈಯಲ್ಲಿ ಹುಟ್ಟುತ್ತವೆ. ನೇತ್ರಾವತಿ ನೂರು ಕಿಲೋಮೀಟರಿನ ಆಸುಪಾಸಿನಲ್ಲೇ ಮಂಗಳೂರಿನ ಅಳಿವೆ ಸೇರುತ್ತದೆ. ಪಡುವಣ ಕಡಲು ಅಷ್ಟು ಹತ್ತಿರವಿದ್ದರೂ ತುಂಗೆ ಮತ್ತು ಭದ್ರೆ ಅದಕ್ಕೆ ಬೆನ್ನು ತಿರುಗಿಸಿ, ಕೂಡಲಿಯಲ್ಲಿ ಒಂದಾಗಿ, ಕೃಷ್ಣೆಯೊಡನೆ ಬೆರೆತು, ಇಡೀ ಪರ್ಯಾಯದ್ವೀಪವನ್ನು ಅಡ್ಡ ಹಾಯ್ದು ಬಂಗಾಳಕೊಲ್ಲಿಗೆ ಹೋಗುತ್ತವೆ. ಕೊಡಗಿನ ತಲಕಾವೇರಿಯಲ್ಲಿ ಹುಟ್ಟುವ ಕಾವೇರಿಯದೂ ಸುಮಾರು ಎಂಟುನೂರು ಕಿಲೋಮೀಟರಿನ ಇಂಥದೇ ಪಯಣ. ಮಹಾಬಲೇಶ್ವರದ ಕೃಷ್ಣೆಯದು, ತ್ರ್ಯಂಬಕದ ಗೋದಾವರಿಯದು ಇನ್ನೂ ಉದ್ದ. ನೀರಿಗೆ ಹಟವೆಂಬುದಿಲ್ಲ, ಇಳಿಜಾರು ಇದ್ದಲ್ಲಿಗೆ ಹರಿಯುತ್ತದೆ. ಕಡಲಿನ ಪಕ್ಕದಲ್ಲಿ ಹುಟ್ಟಿದ ನೀರು ಇಷ್ಟು ದೂರ ಹೋಗುತ್ತದೆಂದರೆ ಇಡೀ ನಾಡೇ ಪೂರ್ವಕ್ಕೆ ನಿಧಾನವಾಗಿ ಓರೆಯಾಗಿದೆ, ಆ ಓರೆಯ ಎತ್ತರದ ತುದಿ ಪಶ್ಚಿಮದಲ್ಲಿ ಮುರಿದು ನಿಂತಿದೆ ಎಂದೇ ಅರ್ಥ. ಶೃಂಗೇರಿಯಿಂದ ಶಿವಮೊಗ್ಗದವರೆಗೆ ಅಷ್ಟು ದೂರ ಬಳಸಿ ಹರಿಯುವ ತುಂಗೆ ಇಳಿಯುವುದು ನೂರು ಮೀಟರಿನ ಆಸುಪಾಸು. ಅದೇ ಆಗುಂಬೆಯಿಂದ ಪಶ್ಚಿಮಕ್ಕೆ ಹತ್ತು ಕಿಲೋಮೀಟರಿನಷ್ಟು ಹೋಗುವುದರೊಳಗೆ ನೆಲ ಐನೂರು ಮೀಟರಿಗೂ ಹೆಚ್ಚು ಕುಸಿದಿರುತ್ತದೆ.

ಈ ಅಂಚು ಹುಟ್ಟಿದ್ದು ಹೇಗೆ? ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬಗಳಂತೆ ಸೀಳಿನಿಂತ ಲಾವಾ ಶಿಲೆಗಳನ್ನು ಅನೇಕರು ನೋಡಿರುತ್ತೀರಿ. ಆ ಶಿಲೆಗೆ ಸುಮಾರು 9 ಕೋಟಿ ವರ್ಷ ವಯಸ್ಸು. ಭಾರತ ಮತ್ತು ಮಡಗಾಸ್ಕರ್ ಒಂದೇ ಭೂಖಂಡವಾಗಿದ್ದು, ಬಿರುಕು ಬಿಟ್ಟು ದೂರವಾದ ಕಾಲದ ಬೆಂಕಿ ಅದು. ಒಡೆದ ಎರಡು ತುಂಡುಗಳಲ್ಲಿ ಒಂದರ ಅಂಚು ನಮ್ಮದಾದರೆ ಇನ್ನೊಂದರ ಅಂಚು ಮಡಗಾಸ್ಕರಿನಲ್ಲಿ ಇರಲೇಬೇಕಲ್ಲ. ಇದೆ. ಆ ದ್ವೀಪದ ಒಳನಾಡು ಎತ್ತರದ ಪ್ರಸ್ಥಭೂಮಿ. ಅದರ ಪೂರ್ವದ ಮಗ್ಗುಲು, ಅಂದರೆ ಒಂದು ಕಾಲದಲ್ಲಿ ನಮಗೆ ಅಂಟಿಕೊಂಡಿದ್ದ ಮಗ್ಗುಲು, ಕಡಿದಾಗಿ ಕಡಲಿಗೆ ಇಳಿಯುತ್ತದೆ. ಅಲ್ಲಿಯ ದೊಡ್ಡ ನದಿಗಳು ಪಶ್ಚಿಮಕ್ಕೆ ಉದ್ದವಾಗಿ ಹರಿಯುತ್ತವೆ, ಪೂರ್ವಕ್ಕೆ ಹರಿಯುವವು ಗಿಡ್ಡ ಮತ್ತು ರಭಸದವು. ಮಳೆಕಾಡು ಇರುವುದೂ ಆ ಕಡಿದಾದ ಪೂರ್ವದ ಮೈಯಲ್ಲೇ. ನಮ್ಮ ಸಹ್ಯಾದ್ರಿಯನ್ನು ಕನ್ನಡಿಯಲ್ಲಿ ನೋಡಿದ ಹಾಗಿದೆ. ಹಿಮಾಲಯದ ಕಥೆ ಇದಕ್ಕೆ ತೀರ ವಿರುದ್ಧ: ಎರಡು ಭೂಖಂಡಗಳು ಗುದ್ದಿಕೊಂಡು ಮಡಿಕೆಬಿದ್ದು ಮೇಲೆದ್ದ ನೆಲ ಅದು, ಸಹ್ಯಾದ್ರಿಯಾದರೋ ಎರಡು ಭೂಖಂಡಗಳು ಅಗಲಿದಾಗ ಉಳಿದ ಗಾಯ.

ಇದಕ್ಕೆ ಶಿಲೆಗಳೂ ಸಾಕ್ಷಿ ನುಡಿಯುತ್ತವೆ. ಮಹಾರಾಷ್ಟ್ರದಿಂದ ಬೆಳಗಾವಿಯ ಆಚೀಚಿನವರೆಗೆ ಘಟ್ಟಗಳು ಪದರಪದರವಾಗಿ ಹಾಸಿದ ಕಪ್ಪು ಬಸಾಲ್ಟಿನವು; ಅದರ ವಯಸ್ಸು ಸುಮಾರು 6.6 ಕೋಟಿ ವರ್ಷ. ಅಲ್ಲಿಂದ ದಕ್ಷಿಣಕ್ಕೆ ಬಂದರೆ ಬಸಾಲ್ಟ್ ಮುಗಿದು ಧಾರವಾಡದ ಪದರಶಿಲೆಗಳು, ನೈಸ್ ಶಿಲೆಗಳು ಶುರುವಾಗುತ್ತವೆ. ಇವುಗಳಲ್ಲಿ ಕೆಲವಕ್ಕೆ 300 ಕೋಟಿ ವರ್ಷ ದಾಟಿದೆ. ಶಿಲೆ ಇಷ್ಟು ಬದಲಾದರೂ ಕಡಲಿನ ಕಡೆಗೆ ಧುಮುಕುವ ಅಂಚು ಮಾತ್ರ ಅದೇ ದಿಕ್ಕಿನಲ್ಲಿ, ಕಡಲತೀರಕ್ಕೆ ಸಮಾನಾಂತರವಾಗಿ ಸಾಗಿಬಂದಿದೆ. ಒಂದು ನಿರ್ದಿಷ್ಟ ಶಿಲೆ ಮಡಿಸಿಕೊಂಡು ಎದ್ದ ಶ್ರೇಣಿಯಾಗಿದ್ದರೆ ಶಿಲೆ ಮುಗಿದಲ್ಲಿ ಶ್ರೇಣಿಯೂ ಮುಗಿಯಬೇಕಿತ್ತು. ಇಲ್ಲೊಂದು ಆಕ್ಷೇಪ ಸಹಜ. ಮಡಗಾಸ್ಕರ್ ಬೇರೆಯಾದದ್ದು 9 ಕೋಟಿ ವರ್ಷದ ಹಿಂದೆ, ಬಸಾಲ್ಟ್ ಹರಿದದ್ದು ಆಮೇಲೆ. ಹಾಗಾದರೆ ಉತ್ತರದ ಅಂಚನ್ನು ಆ ಒಡಕು ಹೇಗೆ ಮಾಡೀತು? ಮಾಡಲಿಲ್ಲ ಎಂಬುದೇ ಉತ್ತರ. ಬಸಾಲ್ಟ್ ಹರಿದ ಮೇಲೆ ಸೇಶೆಲ್ಸ್ ದ್ವೀಪಗಳನ್ನು ಹೊತ್ತ ಇನ್ನೊಂದು ತುಂಡು ಕಳಚಿಹೋಯಿತು, ಉತ್ತರದ ಅಂಚು ಆ ಎರಡನೆಯ ಅಗಲಿಕೆಯದು. ಅಂಚು ಒಂದೇ ದೊಡ್ಡ ಸ್ತರಭಂಗದ ಮೇಲೆ ನಿಂತಿದೆಯೇ, ಇಲ್ಲವೇ ಕಡಲತೀರದಲ್ಲಿ ಹುಟ್ಟಿ ಸವೆಯುತ್ತ ಸವೆಯುತ್ತ ಒಳಕ್ಕೆ ಸರಿದು ಬಂದಿದೆಯೇ ಎಂಬ ಬಗ್ಗೆ ಭೂವಿಜ್ಞಾನಿಗಳಲ್ಲಿ ಚರ್ಚೆ ನಡೆದಿದೆ. ಕಾರವಾರದಲ್ಲಿ ಗುಡ್ಡಗಳು ಕಡಲಿಗೆ ಕಾಲಿಟ್ಟಿದ್ದರೆ ದಕ್ಷಿಣ ಕನ್ನಡದಲ್ಲಿ ಅವು ಒಳಗೆ ದೂರ ಸರಿದಿವೆ; ಬೆಳ್ತಂಗಡಿಯ ಗಡಾಯಿಕಲ್ಲು ಘಟ್ಟಕ್ಕೆ ಅಂಟಿಕೊಳ್ಳದೆ ತಗ್ಗಿನಲ್ಲಿ ಒಂಟಿಯಾಗಿ ತಲೆಯೆತ್ತಿ ನಿಂತಿದೆ. ಇವು ಅಂಚು ಹಿಂದೆ ಸರಿದಿದೆ ಎಂಬ ಪಕ್ಷಕ್ಕೆ ಬಲ ಕೊಡುತ್ತವೆ. ಚರ್ಚೆ ಯಾವ ಕಡೆಗೆ ಇತ್ಯರ್ಥವಾದರೂ ಅದು ಅಂಚು ಎಂಬ ಮಾತಿಗೆ ಭಂಗವಿಲ್ಲ.

ಈಗ ಹೆಚ್ಚು ಗಟ್ಟಿಯಾದ ಆಕ್ಷೇಪಕ್ಕೆ ಬರೋಣ. ಬೆಟ್ಟಗಳೇ ಇಲ್ಲ ಎಂದರೆ 1,930 ಮೀಟರಿನ ಮುಳ್ಳಯ್ಯನಗಿರಿ ಏನು? ಕುದುರೆಮುಖ, ಪುಷ್ಪಗಿರಿ, ತಡಿಯಂಡಮೋಳ್, ಕೊಡಚಾದ್ರಿಗಳೇನು? ಇವು ನಿಜವಾದ ಬೆಟ್ಟಗಳೇ, ಸಂಶಯವಿಲ್ಲ. ಆದರೆ ಅವು ಎಲ್ಲಿ, ಯಾಕೆ ನಿಂತಿವೆ ಎಂದು ಕೇಳಬೇಕು. ಬಾಬಾಬುಡನ್ ಸಾಲು ಜಾಗರ ಕಣಿವೆಯನ್ನು ಬಳಸಿಕೊಂಡು ಕುದುರೆಲಾಳದ ಆಕಾರದಲ್ಲಿ ಬಾಗಿದೆ. ಅದು ಅಂಚಿನ ಮೇಲಿಲ್ಲ, ಅಂಚಿನಿಂದ ಒಳಗೆ, ಪ್ರಸ್ಥಭೂಮಿಯ ಮೇಲಿದೆ. ಅದರ ಬೆನ್ನಿನಲ್ಲಿರುವುದು ಕಬ್ಬಿಣದ ಪದರಶಿಲೆ. ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕಾರ್ಖಾನೆಯ ಕುಲುಮೆಗಳಿಗೆ ಹೋದದ್ದೂ ಇದೇ ಕಾರಣಕ್ಕೆ. ಕುದುರೆಮುಖದ್ದು ಮ್ಯಾಗ್ನೆಟೈಟ್ ಅದಿರು. 2005ರ ಕೊನೆಗೆ ಗಣಿಗಾರಿಕೆ ನಿಲ್ಲುವವರೆಗೂ ಅದನ್ನು ಕೆಸರಿನ ರೂಪದಲ್ಲಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಇಳಿಸುತ್ತಿದ್ದರು. ಸುತ್ತಲಿನ ನೆಲ ಕೋಟ್ಯಂತರ ವರ್ಷ ಸವೆದು ತಗ್ಗಿದಾಗ ಗಟ್ಟಿ ಶಿಲೆಯ ಭಾಗಗಳು ಸವೆಯದೆ ಉಳಿದವು, ಅವೇ ಇಂದಿನ ಶಿಖರಗಳು. ಅಂಚಿನ ಮೇಲೆ ಅಥವಾ ಅದರ ಹಿಂದೆ ಕುಳಿತ ಶೇಷಗಳು ಅವು. ಅವನ್ನೆಲ್ಲ ತೆಗೆದು ಬದಿಗಿಟ್ಟರೂ ಅಂಚು ಉಳಿಯುತ್ತದೆ, ಅಂಚನ್ನು ತೆಗೆದರೆ ಘಟ್ಟವೇ ಉಳಿಯುವುದಿಲ್ಲ. ಆದರೆ ಈ ವಾದಕ್ಕೊಂದು ಎಲ್ಲೆ ಇದೆ, ಅದನ್ನು ಒಪ್ಪಬೇಕು. ದಕ್ಷಿಣದ ನೀಲಗಿರಿ, ಪಾಲ್ಘಾಟ್ ಕಂಡಿಯ ಆಚೆಯ ಆನೆಮಲೆ ಇವು ಎಲ್ಲ ಕಡೆಯಿಂದಲೂ ಮೇಲೆದ್ದ ದೊಡ್ಡ ಗಡ್ಡೆಗಳು. ದೊಡ್ಡಬೆಟ್ಟದ 2,637 ಮೀಟರನ್ನೂ ಆನೆಮುಡಿಯ 2,695 ಮೀಟರನ್ನೂ ‘ಅಂಚು’ ಎಂಬ ಮಾತೊಂದರಿಂದ ವಿವರಿಸಲಾಗದು. ನನ್ನ ಮಾತು ಕೊಡಗಿನಿಂದ ಉತ್ತರಕ್ಕೆ ಸಲ್ಲುತ್ತದೆ.

ಅಂಚು ಎಂದು ಒಪ್ಪಿದರೆ ಉತ್ತರ ಕನ್ನಡದ ಒಂದು ಒಗಟೂ ಬಿಡಿಸಿಕೊಳ್ಳುತ್ತದೆ. ಶ್ರೇಣಿಯಾಗಿದ್ದರೆ ಅದರ ನೆತ್ತಿಯೇ ನೀರು ಇಬ್ಭಾಗವಾಗುವ ಗೆರೆಯಾಗಬೇಕು. ಆದರೆ ಬೇಡ್ತಿ ಹೊಳೆ ಹುಟ್ಟುವುದು ಧಾರವಾಡ–ಹುಬ್ಬಳ್ಳಿಯ ಸೀಮೆಯಲ್ಲಿ, ಘಟ್ಟದ ನೆತ್ತಿಯಿಂದ ಎಷ್ಟೋ ಪೂರ್ವಕ್ಕೆ. ಅದು ಬಯಲಿನಿಂದ ಪಶ್ಚಿಮಕ್ಕೆ ಹರಿದು, ಯಲ್ಲಾಪುರದ ಬಳಿ ಮಾಗೋಡಿನಲ್ಲಿ ಸುಮಾರು ಇನ್ನೂರು ಮೀಟರ್ ಧುಮುಕಿ, ಗಂಗಾವಳಿಯಾಗಿ ಕಡಲು ಸೇರುತ್ತದೆ. ಶರಾವತಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಬಹುದೂರ ಪ್ರಸ್ಥಭೂಮಿಯ ಮೇಲೆಯೇ ವಾಯವ್ಯಕ್ಕೆ ಸಾಗಿ, ಆಮೇಲೆ ಪಶ್ಚಿಮಕ್ಕೆ ತಿರುಗಿ ಜೋಗದಲ್ಲಿ 253 ಮೀಟರ್ ಆಳಕ್ಕೆ ಬೀಳುತ್ತದೆ. ಅಘನಾಶಿನಿಗೆ ಉಂಚಳ್ಳಿ ಇದೆ. ಈ ಜಲಪಾತಗಳನ್ನು ಪ್ರವಾಸದ ತಾಣಗಳೆಂದು ಪಟ್ಟಿ ಮಾಡುವ ನಾವು ಅವು ಒಂದೇ ಕೆಲಸದ ಬೇರೆಬೇರೆ ಹಂತಗಳು ಎಂಬುದನ್ನು ಗಮನಿಸುವುದಿಲ್ಲ. ಪಶ್ಚಿಮಕ್ಕೆ ಹರಿಯುವ ಗಿಡ್ಡ ಹೊಳೆಗೆ ಇಳಿಜಾರು ಹೆಚ್ಚು, ಮಳೆ ಹೆಚ್ಚು, ಆದ್ದರಿಂದ ಕೊರೆಯುವ ಶಕ್ತಿಯೂ ಹೆಚ್ಚು. ಅದು ತನ್ನ ತಲೆಯ ಕಡೆಗೆ ನೆಲವನ್ನು ಕೊರೆಯುತ್ತ ಪೂರ್ವಕ್ಕೆ ಸರಿದು, ಕೊನೆಗೆ ಪ್ರಸ್ಥಭೂಮಿಯ ನಿಧಾನದ ಹೊಳೆಯನ್ನೇ ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ. ಹೊಳೆ ಒಮ್ಮೆಲೆ ದಿಕ್ಕು ಬದಲಿಸಿ ಆಳಕ್ಕೆ ಬೀಳುವ ಜಾಗ ಆ ಕೊರೆತ ಇನ್ನೂ ಮುಗಿದಿಲ್ಲ ಎಂಬುದರ ಗುರುತು. ವಿದ್ಯುತ್ತಿನ ಎಂಜಿನಿಯರುಗಳಿಗೆ ಈ ಭೂಗೋಳ ಚೆನ್ನಾಗಿ ಗೊತ್ತಿತ್ತು. 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾಯಿತು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಕಾಳಿ, ವಾರಾಹಿಗಳಲ್ಲೂ ಅದೇ ಕ್ರಮ: ಕೆರೆಯಂತೆ ನೀರು ನಿಲ್ಲುವುದು ಮೇಲಿನ ನೆಲದಲ್ಲಿ, ಯಂತ್ರ ತಿರುಗುವುದು ಅಂಚಿನ ಬುಡದಲ್ಲಿ.

ಮಳೆಯ ಲೆಕ್ಕವನ್ನೂ ಇದೇ ಕಣ್ಣಿನಿಂದ ನೋಡಬಹುದು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಮೀರುವ ಮಳೆ ಅಂಚಿನ ಮೇಲಿನ ಆಗುಂಬೆಯಲ್ಲಿ 7,000 ದಾಟುತ್ತದೆ, ಶಿವಮೊಗ್ಗಕ್ಕೆ ಬರುವಾಗ ಸಾವಿರದ ಒಳಕ್ಕೆ ಇಳಿಯುತ್ತದೆ. ಮೇಲ್ನೋಟಕ್ಕೆ ಇದು ಗೋಡೆಯ ಈಚೆ ಮಳೆ, ಆಚೆ ಮಳೆನೆರಳು ಎಂಬ ಹಳೆಯ ವಿವರಣೆಗೆ ಹೊಂದುತ್ತದೆ. ಆದರೆ ಗೋಡೆಯಾಗಿದ್ದರೆ ಅದರ ಹಿಂದೆಯೇ ಒಣನೆಲ ಶುರುವಾಗಬೇಕಿತ್ತು. ಮಲೆನಾಡು ಎಂಬ ಅಗಲವಾದ ಹಸಿರು ಪಟ್ಟಿ, ಅದರಾಚೆ ಅರೆಮಲೆನಾಡು ಎಂಬ ನಡುಪಟ್ಟಿ ಇರುತ್ತಲೇ ಇರಲಿಲ್ಲ. ಗಾಳಿ ಅಂಚನ್ನು ಹತ್ತುವಾಗ ತನ್ನ ಹೊರೆಯ ಬಹುಪಾಲನ್ನು ಇಳಿಸುತ್ತದೆ. ಹತ್ತಿದ ಮೇಲೆ ಇನ್ನೊಂದು ಮಗ್ಗುಲಿಗೆ ಧುಮುಕುವ ಅವಕಾಶ ಅದಕ್ಕಿಲ್ಲದ್ದರಿಂದ ಉಳಿದದ್ದನ್ನು ಸ್ವಲ್ಪಸ್ವಲ್ಪವಾಗಿ ಚೆಲ್ಲುತ್ತ ಪೂರ್ವಕ್ಕೆ ಸಾಗುತ್ತದೆ. ಅಂಚು ತಗ್ಗಾಗಿರುವ ಶಿರಸಿ–ಯಲ್ಲಾಪುರದ ಕಡೆ ಮಳೆ ಬಹಳ ಒಳಗಿನವರೆಗೆ ಹಬ್ಬಿ ಮೆಲ್ಲಗೆ ಕ್ಷೀಣಿಸುತ್ತದೆ. ಅದೇ ಬಾಬಾಬುಡನ್ ಸಾಲಿನಂಥ ನಿಜವಾದ ಬೆಟ್ಟ ಅಡ್ಡ ನಿಂತ ಕಡೆ ಬಲುಬೇಗ ಕಡಿಮೆಯಾಗಿ, ಪೂರ್ವದ ಕಡೂರು ಸೀಮೆ ಬರಗಾಲಕ್ಕೆ ಹೆಸರಾಗಿದೆ. ಅಂಚಿರುವಲ್ಲಿ ಒಂದು ಬಗೆ, ಬೆಟ್ಟವಿರುವಲ್ಲಿ ಇನ್ನೊಂದು ಬಗೆ. ಮಲೆನಾಡಿನ ಕಣಿವೆಯ ಅಡಕೆ ತೋಟ, ಅದಕ್ಕೆ ಸೊಪ್ಪು ಕೊಡುವ ಬೆಟ್ಟ, ಮಗ್ಗುಲಿನ ಗದ್ದೆ ಈ ಮೂರೂ ಕೂಡಿದ ಬೇಸಾಯ ಬೆಳೆದದ್ದು ಹೀಗೆ ಮೆಲ್ಲಗೆ ತೆಳುವಾಗುವ ಮಳೆಯ ಪಟ್ಟಿಯಲ್ಲಿ, ಸಾವಕಾಶವಾಗಿ ಹರಿಯುವ ಹಳ್ಳಗಳ ದಂಡೆಯಲ್ಲಿ.

ಇಷ್ಟೆಲ್ಲ ಹೇಳಿದ ಮೇಲೆ, ಹೆಸರು ಬದಲಾಯಿಸಿದರೆ ಆಗುವುದೇನು, ಶ್ರೇಣಿ ಎಂದರೇನು ಅಂಚು ಎಂದರೇನು, ಕಾಡು ಉಳಿದರೆ ಸಾಲದೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಉತ್ತರ ಸರ್ಕಾರಿ ವರದಿಗಳಲ್ಲೇ ಇದೆ. ಮಾಧವ ಗಾಡ್ಗೀಳರ ನೇತೃತ್ವದ ಸಮಿತಿ 2011ರಲ್ಲಿ ಪಶ್ಚಿಮಘಟ್ಟದ ಎಲ್ಲೆಯನ್ನು ಗುರುತಿಸುವಾಗ ಅರಣ್ಯವಿರುವ ನೆಲಕ್ಕೆ ಪಶ್ಚಿಮದ ಕಡೆ 150 ಮೀಟರ್, ಪೂರ್ವದ ಕಡೆ 500 ಮೀಟರ್ ಎಂದು ಎತ್ತರದ ಎರಡು ಬೇರೆ ಅಳತೆಗಳನ್ನು ಇಟ್ಟುಕೊಳ್ಳಬೇಕಾಯಿತು. ಹಾಗೆ ಬಂದ ವಿಸ್ತೀರ್ಣ 1,29,037 ಚದರ ಕಿಲೋಮೀಟರ್. ಎರಡೇ ವರ್ಷದ ಮೇಲೆ ಕಸ್ತೂರಿರಂಗನ್ ಸಮಿತಿ ಕೊಟ್ಟ ಲೆಕ್ಕ 1,64,280. ಬಲ್ಲವರ ಎರಡು ಸಮಿತಿಗಳ ನಡುವೆ 35,000 ಚದರ ಕಿಲೋಮೀಟರಿನ ಅಂತರ ಬಂದದ್ದರ ಹಿಂದೆ ವಿಧಾನದ ಭಿನ್ನತೆ ಇದೆ ನಿಜ. ಆದರೆ ಪೂರ್ವದ ಕಡೆ ಘಟ್ಟ ಎಲ್ಲಿ ಮುಗಿಯುತ್ತದೆ ಎಂದು ನೆಲವೇ ಹೇಳುವುದಿಲ್ಲ ಎಂಬುದೂ ಅಷ್ಟೇ ನಿಜ. ಶ್ರೇಣಿಗೆ ಎರಡು ಬುಡಗಳಿರುತ್ತವೆ, ಅಂಚಿಗೆ ಇರುವುದು ಒಂದೇ. ಇಲ್ಲದ ಎರಡನೆಯ ಬುಡವನ್ನು ಹುಡುಕಿ ಗೆರೆ ಎಳೆಯಲು ಹೋದಾಗ ಗೆರೆ ಹಳ್ಳಿಗಳ ನಡುವೆ ಹಾದುಹೋಗುತ್ತದೆ. ನಮ್ಮೂರು ಒಳಗೋ ಹೊರಗೋ ಎಂಬ ಜಗಳ ಶುರುವಾಗುತ್ತದೆ. ಹತ್ತು ವರ್ಷ ಕಳೆದರೂ ಆ ಜಗಳ ನಿಂತಿಲ್ಲ.

ಕುಸಿತದ ವಿಚಾರದಲ್ಲಂತೂ ಈ ತಿಳಿವಳಿಕೆ ಜೀವದ ಪ್ರಶ್ನೆ. ಅಂಚು ಹಿಂದೆ ಸರಿಯುವುದು ಕುಸಿತದಿಂದಲೇ. ಹಾಗಾದರೆ ಕುಸಿತ ಪ್ರಕೃತಿಸಹಜ, ನಾವೇನು ಮಾಡಲಾದೀತು ಎಂದು ಕೈತೊಳೆದುಕೊಳ್ಳುವವರೂ ಇದ್ದಾರೆ. ಅಂಚು ಸವೆಯುವುದು ಸಹಜ, ಸವೆಯುವ ವೇಗ ಮಾತ್ರ ನಮ್ಮ ಕೈಯಲ್ಲೂ ಇದೆ. ಭಾರಿ ಮಳೆಯಲ್ಲಿ ನೀರು ತುಂಬಿ ಭಾರವಾದ ಮಣ್ಣು ಇಳಿಜಾರಿನಲ್ಲಿ ನಿಲ್ಲುವುದು ಅದರ ಕಾಲಬುಡದ ಆಸರೆಯಿಂದ. ರಸ್ತೆಗೋ ಮನೆಗೋ ಆ ಕಾಲಬುಡವನ್ನು ನೇರವಾಗಿ ಕಡಿದರೆ ಸಾವಿರಾರು ವರ್ಷದಲ್ಲಿ ಆಗಬೇಕಾದದ್ದು ಒಂದು ಮಳೆಗಾಲದಲ್ಲಿ ಆಗುತ್ತದೆ. 2018ರ ಆಗಸ್ಟಿನಲ್ಲಿ ಕೊಡಗು ಇದನ್ನು ಕಂಡಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಜರಿದು, ರಸ್ತೆಯಲ್ಲಿದ್ದವರನ್ನು ಹೊತ್ತುಕೊಂಡು ಗಂಗಾವಳಿಗೆ ಬಿತ್ತು. ಘಟ್ಟವನ್ನು ಕದಲದ ಪರ್ವತವೆಂದು ನಂಬಿದವರು ಅದನ್ನು ನಿರ್ಭಯವಾಗಿ ಕಡಿಯುತ್ತಾರೆ. ಸದಾ ಹಿಂದೆ ಸರಿಯುತ್ತಿರುವ ಅಂಚು ಎಂದು ಬಲ್ಲವರು ಎಲ್ಲಿ ಕಡಿಯಬಾರದು ಎಂದು ಮೊದಲು ಕೇಳುತ್ತಾರೆ.

ಕಾನೂನಿಗೆ ಗೆರೆ ಬೇಕೇ ಬೇಕಲ್ಲ, ಅಂಚು ಎಂದು ಹೇಳಿ ಕೈಬಿಟ್ಟರೆ ಆಡಳಿತ ನಡೆಯುವುದು ಹೇಗೆ ಎಂಬುದು ಕೊನೆಯ ಆಕ್ಷೇಪ. ಗೆರೆ ಇರಲಿ, ಅದನ್ನು ಎತ್ತರದ ಲೆಕ್ಕದಲ್ಲಿ ಎಳೆಯುವ ಬದಲು ಹೊಳೆಯ ಲೆಕ್ಕದಲ್ಲಿ ಎಳೆಯೋಣ. ಅಘನಾಶಿನಿಯನ್ನೇ ತೆಗೆದುಕೊಳ್ಳಿ. ಶಿರಸಿಯ ಮೇಲ್ನೆಲದಲ್ಲಿ ಹುಟ್ಟಿ, ದೊಡ್ಡ ಅಣೆಕಟ್ಟಿನ ತಡೆಯಿಲ್ಲದೆ ಅಂಚು ಇಳಿದು, ತದಡಿಯ ಅಳಿವೆ ಸೇರುವ ಹೊಳೆ ಅದು. ಅಲ್ಲಿ ಚಿಪ್ಪಿಕಲ್ಲು ಹೆಕ್ಕಿ ಬದುಕುವವರಿಗೆ ಬೇಕಾದ ಸಿಹಿನೀರು, ಹೂಳು ಬರುವುದು ಘಟ್ಟದ ಮೇಲಿನ ಕಾಡಿನಿಂದ. ಪಶ್ಚಿಮಕ್ಕೆ ಹರಿಯುವ ನೀರು ಕಡಲಿಗೆ ಸೇರಿ ವ್ಯರ್ಥವಾಗುತ್ತದೆ ಎಂದು ವಾದಿಸಿ ಎತ್ತಿನಹೊಳೆಯಂಥ ಯೋಜನೆಗಳಲ್ಲಿ ಅಂಚಿನ ತುದಿಯ ಹಳ್ಳಗಳನ್ನು ಪೂರ್ವಕ್ಕೆ ತಿರುಗಿಸುವಾಗ ಇಂಥ ಅಳಿವೆಗಳ ಲೆಕ್ಕ ಯಾರ ಕಡತದಲ್ಲೂ ಎದ್ದು ಕಾಣುವುದಿಲ್ಲ. ಆ ನೀರಿಗಾಗಿ ಕಾದಿರುವ ಕೋಲಾರ, ಚಿಕ್ಕಬಳ್ಳಾಪುರದ ಬಾಯಾರಿಕೆ ಸುಳ್ಳಲ್ಲ. ಆ ಬಾಯಾರಿಕೆಯನ್ನೂ ಅಳಿವೆಯ ಅಗತ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಮೇಲೆ ತೀರ್ಮಾನವಾಗಬೇಕು. ತೂಗಬೇಕಾದರೆ ಮೇಲಿನ ನೆಲ, ಇಳಿಜಾರು, ಕರಾವಳಿ ಈ ಮೂರನ್ನೂ ಒಂದೇ ಘಟಕವಾಗಿ ಹಿಡಿದ ನಕ್ಷೆ ಬೇಕು. ಬೆಟ್ಟದ ಸಾಲನ್ನು ಮಾತ್ರ ಹಸಿರು ಬಣ್ಣದಲ್ಲಿ ಗುರುತಿಸಿ ಅದರ ಹಿಂದಿನ ಮಲೆನಾಡನ್ನೂ ಮುಂದಿನ ಕರಾವಳಿಯನ್ನೂ ಬಿಟ್ಟ ನಕ್ಷೆಯಿಂದ ಸಹ್ಯಾದ್ರಿ ಉಳಿಯದು. ಹೊಳೆಹೊಳೆಗೆ ಒಂದೊಂದು ನಕ್ಷೆ ಮಾಡಿ, ಮೂಲದಿಂದ ಅಳಿವೆಯವರೆಗಿನ ಪಂಚಾಯಿತಿಗಳನ್ನೆಲ್ಲ ಅದರ ಮುಂದೆ ಒಟ್ಟಿಗೆ ಕೂರಿಸುವುದು ಸರ್ಕಾರ ಮಾಡಬಹುದಾದ ಮೊದಲ ಕೆಲಸ. ಘಟ್ಟದ ಮೇಲಿನವರೂ ಕೆಳಗಿನವರೂ ಒಂದೇ ಹೊಳೆಯ ಪಾಲುದಾರರು ಎಂಬುದು ಆಗ ಭಾಷಣದ ಮಾತಾಗಿ ಉಳಿಯದೆ ಲೆಕ್ಕಕ್ಕೆ ಸಿಗುವ ಸಂಗತಿಯಾಗುತ್ತದೆ.